ಬಡಾವಣೆಗೊಂದು ಸಂಘ ಕಟ್ಟುವುದು ಹೇಗೆ? ನಂಜನಗೂಡು, ನರಸೀಪುರದವರಿಗೊಂದು ಕೈಪಿಡಿ

ಬೀದಿದೀಪ ಕೆಟ್ಟು ಮೂರು ವಾರವಾಗಿದೆ. ಬೀದಿಯಲ್ಲಿ ಎಲ್ಲರಿಗೂ ಗೊತ್ತು, ದೂರು ಕೊಟ್ಟವರು ಮಾತ್ರ ಯಾರೂ ಇಲ್ಲ. ಅವರು ಹೇಳಿರುತ್ತಾರೆ ಎಂದು ನೀವು, ನೀವು ಹೇಳಿರುತ್ತೀರಿ ಎಂದು ಅವರು ಸುಮ್ಮನಿದ್ದೀರಿ. ಮೂಲೆಯ ಖಾಲಿ ಸೈಟಿನಲ್ಲಿ ಪಾರ್ಥೇನಿಯಂ ಎದೆಮಟ್ಟ ಬೆಳೆದಿದೆ, ಸೈಟಿನ ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಕಾರ್ಖಾನೆಯ ಎರಡನೇ ಪಾಳಿ ಮುಗಿಸಿ ಬರುವ ಮಗಳನ್ನು ಕರೆತರಲು ಅಪ್ಪ ದಿನವೂ ರಾತ್ರಿ ಮುಖ್ಯರಸ್ತೆಯವರೆಗೆ ಟಾರ್ಚ್ ಹಿಡಿದು ಹೋಗುತ್ತಾರೆ. ನಂಜನಗೂಡಿನ ಹೊಸ ಬಡಾವಣೆಗಳಲ್ಲಿ, ತಿ. ನರಸೀಪುರದ ಹೊರವಲಯದಲ್ಲಿ ಇಂಥ ಬೀದಿಗಳು ಬೇಕಾದಷ್ಟಿವೆ. ಅಲ್ಲಿನ ಯಾರಾದರೂ ಒಬ್ಬರು 'ನಾವೂ ಒಂದು ಸಂಘ ಮಾಡೋಣ' ಎಂದು ಹೊರಟರೆ ಎಲ್ಲಿಂದ ಶುರು ಮಾಡಬೇಕು, ಯಾವುದಕ್ಕೆ ಕೈ ಹಾಕಬಾರದು ಎಂದು ಈ ಲೇಖನದಲ್ಲಿ ನೋಡೋಣ.

ಸಂಘದಿಂದ ಸುರಕ್ಷತೆ ಬರುವುದು ಹೇಗೆ?

ಹಿಂದೆ ಊರಿಗೆ ತಳವಾರ, ತೋಟಿ ಇದ್ದರು. ಬೀದಿಗೊಬ್ಬ ಯಜಮಾನ ಇರುತ್ತಿದ್ದ. ಹೊಸಮುಖ ಕಂಡರೆ 'ಯಾರ ಮನೆಗೆ ಬಂದಿರಿ?' ಎಂದು ಜಗಲಿಯ ಮೇಲೆ ಕೂತವರು ಕೇಳುತ್ತಿದ್ದರು. ಆ ವ್ಯವಸ್ಥೆ ಜಾತಿಯ ಕಟ್ಟಿನೊಳಗೇ ಇತ್ತು. ಬೀದಿಗೂ ಕೇರಿಗೂ ನಡುವೆ ಗೋಡೆ ಇತ್ತು. ಅದು ಹಾಗೆಯೇ ಮರಳಿ ಬರಲಿ ಎಂದು ನಾನು ಹೇಳುವುದಿಲ್ಲ. ಆದರೆ ಆ ಪ್ರಶ್ನೆ ಕೇಳುವವರು ಹೊಸ ಬಡಾವಣೆಗಳಲ್ಲಿ ಇಲ್ಲ ಎನ್ನುವುದು ನಿಜ. ಒಂದು ಮನೆ ಮೈಸೂರಿಗೆ ಕೆಲಸಕ್ಕೆ ಹೋಗುವವರದು, ಪಕ್ಕದ್ದು ಕಾರ್ಖಾನೆಯ ಬಾಡಿಗೆ ಹುಡುಗರದು, ಆಚೆಯದು ಹಳ್ಳಿಯಿಂದ ಮಕ್ಕಳ ಓದಿಗೆಂದು ಬಂದವರದು. ಐದು ವರ್ಷ ಅಕ್ಕಪಕ್ಕ ಇದ್ದರೂ ಒಬ್ಬರ ಫೋನ್ ನಂಬರ್ ಇನ್ನೊಬ್ಬರ ಬಳಿ ಇರುವುದಿಲ್ಲ.

ಪರಿಚಯವೇ ಕಾವಲು ಎಂಬುದಕ್ಕೆ ಆಧಾರವಿದೆ. ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಅಮೆರಿಕದ ಶಿಕಾಗೋ ನಗರದ 343 ನೆರೆಹೊರೆಗಳಲ್ಲಿ 8,782 ನಿವಾಸಿಗಳನ್ನು ಮಾತನಾಡಿಸಿ ಮಾಡಿದ ಅಧ್ಯಯನ 1997ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬಡತನದಂಥ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅವರಿಗೆ ಒಂದು ವಿಷಯ ಸ್ಪಷ್ಟವಾಗಿ ಕಂಡಿತು. ಜನ ಒಬ್ಬರನ್ನೊಬ್ಬರು ನಂಬುವ, ಬೀದಿಯ ಮಕ್ಕಳು ದಾರಿ ತಪ್ಪಿದರೆ ಕರೆದು ಕೇಳುವ ಕಡೆ ಹಿಂಸೆ ಕಡಿಮೆ ಇತ್ತು. ಬೆಳಕಿನ ವಿಷಯವೂ ಹಾಗೆಯೇ. ನ್ಯೂಯಾರ್ಕಿನ ಸಾರ್ವಜನಿಕ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ಹೆಚ್ಚುವರಿ ದೀಪಗಳನ್ನು ಅಳವಡಿಸಿ ನೋಡಿದಾಗ, ರಾತ್ರಿ ಹೊತ್ತು ಬಯಲಲ್ಲಿ ನಡೆಯುವ ಗಂಭೀರ ಅಪರಾಧಗಳು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದವು. ಅಂದರೆ ಸಂಘ ಮಾಡಬೇಕಾದ ಮೊದಲ ಕೆಲಸಗಳು ದುಬಾರಿಯವಲ್ಲ. ಮುಖ ಪರಿಚಯವಾಗಬೇಕು, ದೀಪ ಉರಿಯಬೇಕು.

ನಮ್ಮ ಊರಿನ ಅಪಾಯಗಳು ಬೇರೆ

ಹೆಚ್ಚಿನ ಸಂಘಗಳು ಎಡವುವುದು ಇಲ್ಲಿ. ಬೆಂಗಳೂರಿನ ಅಪಾರ್ಟ್‌ಮೆಂಟ್ ನೋಡಿ ಗೇಟು, ಸೆಕ್ಯುರಿಟಿ, ಕ್ಯಾಮೆರಾ ಎಂದು ಶುರು ಮಾಡುತ್ತಾರೆ. ಕಳ್ಳತನ ನಮ್ಮಲ್ಲೂ ಇದೆ, ಇಲ್ಲವೆಂದಲ್ಲ. ಆದರೆ ಈ ಎರಡು ಊರುಗಳಲ್ಲಿ ಜೀವ ತೆಗೆದಿರುವ ಅಪಾಯಗಳಿಗೆ ಗೇಟು ಅಡ್ಡ ಬರುವುದಿಲ್ಲ.

ಮೊದಲನೆಯದು ಕಾಡುಪ್ರಾಣಿ, ಅದರಲ್ಲೂ ಚಿರತೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಎಂ.ಎಲ್. ಹುಂಡಿಯ ಬಳಿಯ ಬೆಟ್ಟದಲ್ಲಿ ಒಬ್ಬ ವಿದ್ಯಾರ್ಥಿ, ಎಸ್. ಕೆಬ್ಬೆಹುಂಡಿಯಲ್ಲಿ ಕಾಲೇಜು ಓದುತ್ತಿದ್ದ ಯುವತಿ, ಕನ್ನನಾಯಕನಹಳ್ಳಿಯಲ್ಲಿ ವಯಸ್ಸಾದ ಮಹಿಳೆ, ಹೊರಳಹಳ್ಳಿಯಲ್ಲಿ 11 ವರ್ಷದ ಬಾಲಕ. ಹೆಚ್ಚಿನವರು ಹೋದದ್ದು ಮುಸ್ಸಂಜೆಯಲ್ಲಿ, ಮನೆಯ ಆಸುಪಾಸಿನಲ್ಲೇ, ಒಬ್ಬರೇ ಇದ್ದಾಗ. ಆ ಬಳಿಕವೇ ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ರಚನೆಯಾಯಿತು. 2023ರ ನವೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನ ಬಳ್ಳೂರಹುಂಡಿಯಲ್ಲಿ ದನ ಮೇಯಿಸುತ್ತಿದ್ದ ಮಹಿಳೆಯನ್ನು ಹುಲಿ ಕೊಂದಿತು.

ಎರಡನೆಯದು ಹೊಳೆ. ಬೀಚನಹಳ್ಳಿಯ ಕಬಿನಿ ಜಲಾಶಯದ ಸಾಮರ್ಥ್ಯ 19.52 ಟಿಎಂಸಿ. ಕೇರಳದ ವಯನಾಡಿನಲ್ಲಿ ಮಳೆ ಜೋರಾದರೆ ಅದು ಬೇಗ ತುಂಬುತ್ತದೆ, ಬಿಟ್ಟ ನೀರು ನೇರ ನಂಜನಗೂಡಿಗೇ ಬರುತ್ತದೆ. 2018, 2019, 2024ರ ಮಳೆಗಾಲಗಳಲ್ಲಿ ಸ್ನಾನಘಟ್ಟವೂ ಹದಿನಾರು ಕಾಲು ಮಂಟಪವೂ ಮುಳುಗಿದ್ದನ್ನು ಎಲ್ಲರೂ ಕಂಡಿದ್ದೇವೆ. ಹಳ್ಳದಕೇರಿ, ತೋಪಿನ ಬೀದಿಯಂಥ ತಗ್ಗಿನ ಪ್ರದೇಶದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಕಬಿನಿ, ಅಂದರೆ ಕಪಿಲೆ, ಮುಂದೆ ಹೋಗಿ ಕಾವೇರಿಯನ್ನು ಸೇರುವುದು ನರಸೀಪುರದ ತಿರುಮಕೂಡಲಿನಲ್ಲಿ, ಹಾಗಾಗಿ ಅಲ್ಲಿನ ದಡದವರಿಗೂ ಇದೇ ಭಯ.

ಮೂರನೆಯದು ರಸ್ತೆ. ಕೋಯಿಕ್ಕೋಡಿನಿಂದ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಈ ಎರಡೂ ಊರುಗಳನ್ನು ಮುಟ್ಟುತ್ತದೆ. 2023ರ ಮೇ 29ರಂದು ನರಸೀಪುರದ ಬಳಿ ಕುರುಬೂರಿನಲ್ಲಿ ಕಾರು, ಬಸ್ಸು ಡಿಕ್ಕಿಯಾಗಿ 10 ಮಂದಿ ಸತ್ತರು.

ಇವು ಮೂರನ್ನೂ ಎದುರಿಗಿಟ್ಟುಕೊಂಡು ನಿಮ್ಮ ಬಡಾವಣೆಯ ಕೆಲಸ ಯಾವುದೆಂದು ನೀವೇ ತೀರ್ಮಾನಿಸಬೇಕು. ನಂಜನಗೂಡಿನ ನೀಲಕಂಠನಗರದ ಸಂಘಕ್ಕೂ ಹೊಳೆ ಪಕ್ಕದ ಬೀದಿಯ ಸಂಘಕ್ಕೂ ಕಬ್ಬಿನ ಗದ್ದೆಗೆ ಅಂಟಿಕೊಂಡ ನರಸೀಪುರದ ಬಡಾವಣೆಯ ಸಂಘಕ್ಕೂ ಒಂದೇ ಪಟ್ಟಿ ಆಗುವುದಿಲ್ಲ.

ಹೀಗೆ ಶುರು ಮಾಡಿ

1. ರಾತ್ರಿ ಎಂಟಕ್ಕೆ ಒಂದು ಸುತ್ತು ನಡೆಯಿರಿ. ಸಭೆ ಕರೆಯುವುದಕ್ಕೂ ಮೊದಲು ಇದಾಗಬೇಕು. ನಾಲ್ಕೈದು ಜನ ಸಾಕು, ಅವರಲ್ಲಿ ಇಬ್ಬರಾದರೂ ಹೆಂಗಸರಿರಲಿ, ಒಬ್ಬರು ವಯಸ್ಸಾದವರಿರಲಿ. ಬಸ್ಸು ನಿಲ್ಲುವ ಜಾಗದಿಂದ ಬಡಾವಣೆಯ ಕೊನೆಯ ಮನೆಯವರೆಗೆ ಹೋಗಿ. ಉರಿಯದ ದೀಪ, ಚಪ್ಪಡಿ ಇಲ್ಲದ ಚರಂಡಿ, ಬೇಲಿ ಇಲ್ಲದ ಪಾಯದ ಗುಂಡಿ, ತಿರುವಿನಲ್ಲಿ ರಸ್ತೆ ಮುಚ್ಚಿದ ಪೊದೆ, ಜೋತುಬಿದ್ದ ತಂತಿ, ಬಾಯಿ ತೆರೆದ ಸಂಪು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹಗಲಲ್ಲಿ ಕಾಣದ್ದು ರಾತ್ರಿ ಕಾಣುತ್ತದೆ. ಗಂಡಸರಿಗೆ ಹೊಳೆಯದ್ದನ್ನು ಹೆಂಗಸರು ಹೇಳುತ್ತಾರೆ. 'ಈ ಮೂಲೆ ಬಂದರೆ ನಾನು ಫೋನ್ ಕಿವಿಗೆ ಹಿಡಿದು ಮಾತಾಡುವ ಹಾಗೆ ನಟಿಸುತ್ತೇನೆ' ಎಂದು ಯಾರಾದರೂ ಹೇಳಿದರೆ ನಿಮ್ಮ ಮೊದಲ ಕೆಲಸ ಆ ಮೂಲೆಯದು.

2. ಮನೆಗಳ ಪಟ್ಟಿ ಮಾಡಿ. ಮನೆ ಮನೆಗೆ ಹೋಗಿಯೇ ಮಾಡಬೇಕು. ವಾಟ್ಸಾಪ್‌ನಲ್ಲಿ 'ಎಲ್ಲರೂ ವಿವರ ಕಳಿಸಿ' ಎಂದರೆ ಅರ್ಧ ಜನ ಕಳಿಸುವುದಿಲ್ಲ, ಕಳಿಸದವರೇ ಕಷ್ಟಕ್ಕೆ ಸಿಕ್ಕುವವರು. ಕೇಳಬೇಕಾದದ್ದು ಇಷ್ಟು: ಮನೆಯವರ ಹೆಸರು, ಎರಡು ಫೋನ್ ನಂಬರ್, ಒಬ್ಬರೇ ಇರುವ ಹಿರಿಯರು, ಗರ್ಭಿಣಿಯರು, ನಡೆಯಲಾಗದವರು, ನಿತ್ಯ ಔಷಧಿ ಬೇಕಾದವರು, ಊರಿಗೆ ಹೋದರೆ ಬೀಗದ ಕೈ ಯಾರ ಬಳಿ ಇರುತ್ತದೆ. ಜಾತಿ, ಸಂಬಳ, ಊರು ಕೇರಿ ಕೇಳಬೇಡಿ. ಪಟ್ಟಿಯನ್ನು ಕಾಗದದಲ್ಲಿ ಬರೆದು ಇಬ್ಬರ ಮನೆಯಲ್ಲಿ ಇಡಿ, ಗ್ರೂಪಿಗೆ ಹಾಕಬೇಡಿ.

ಬಾಡಿಗೆದಾರರನ್ನು ಬಿಡಬೇಡಿ. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದ ಕಾರ್ಮಿಕರು ಒಂದೊಂದು ರೂಮಿನಲ್ಲಿ ನಾಲ್ಕೈದು ಜನ ಇರುತ್ತಾರೆ. ಅವರು ಪಾಳಿಯಲ್ಲಿ ದುಡಿಯುವುದರಿಂದ ಬೀದಿ ಮಲಗಿದಾಗ ಎದ್ದಿರುವವರು ಅವರೇ. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೋವಿಡ್ ಕಾಣಿಸಿಕೊಂಡು ಊರು ಬಾಗಿಲು ಮುಚ್ಚಿದ ದಿನಗಳನ್ನು ಕಂಡವರಿಗೆ ಇಂಥ ಪಟ್ಟಿಯ ಬೆಲೆ ಗೊತ್ತು.

3. ಒಂದೇ ಕೆಲಸ ಹಿಡಿದು ಮುಗಿಸಿ. ಇಪ್ಪತ್ತು ಬೇಡಿಕೆಗಳ ಮನವಿ ಪತ್ರ ಹೂಮಾಲೆ, ಫೋಟೊದೊಂದಿಗೆ ಮುಗಿಯುತ್ತದೆ. ಒಂದು ಬೀದಿದೀಪ ಉರಿದರೆ ಜನ ಎರಡನೇ ಸಭೆಗೆ ಬರುತ್ತಾರೆ. ನಂಜನಗೂಡಿನದು ನಗರಸಭೆ, ಅಲ್ಲಿ ಪೌರಾಯುಕ್ತರಿಗೆ ಬರೆಯಬೇಕು. ನರಸೀಪುರದ್ದು ಪುರಸಭೆ, ಅಲ್ಲಿ ಮುಖ್ಯಾಧಿಕಾರಿಗೆ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಪಿಡಿಒ ಅವರಿಗೆ. ಬೀದಿದೀಪದ ನಿರ್ವಹಣೆ ಸ್ಥಳೀಯ ಸಂಸ್ಥೆಯದು, ತಂತಿ ಮತ್ತು ಟ್ರಾನ್ಸ್‌ಫಾರ್ಮರ್ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಅಲ್ಲೇ ಕೊಳೆಯುತ್ತದೆ.

ಅರ್ಜಿ ಹೀಗಿರಲಿ:

'ನಮ್ಮ ಬಡಾವಣೆಯ ಎರಡನೇ ಅಡ್ಡರಸ್ತೆಯಲ್ಲಿ ಈ ಕೆಳಗಿನ ಮೂರು ಕಂಬಗಳ ದೀಪಗಳು ಉರಿಯುತ್ತಿಲ್ಲ. ಕಂಬಗಳ ಸಂಖ್ಯೆ, ಹತ್ತಿರದ ಮನೆಯ ಗುರುತು, ದೀಪ ಕೆಟ್ಟ ದಿನಾಂಕವನ್ನು ಬರೆದಿದ್ದೇವೆ. ಈ ರಸ್ತೆಯಲ್ಲಿ ರಾತ್ರಿ ಪಾಳಿಯ ಮಹಿಳಾ ಕಾರ್ಮಿಕರು ಓಡಾಡುತ್ತಾರೆ. ರಸ್ತೆಯ ಕೊನೆಯಲ್ಲಿ ಕಬ್ಬಿನ ಗದ್ದೆ ಇದ್ದು ಕಾಡುಪ್ರಾಣಿ ಭಯವಿದೆ. ದುರಸ್ತಿ ಮಾಡಿಸಿ, ಯಾವ ದಿನಾಂಕದೊಳಗೆ ಆಗುತ್ತದೆಂದು ಲಿಖಿತವಾಗಿ ತಿಳಿಸಬೇಕಾಗಿ ಕೋರಿಕೆ.'

ಕಂಬದ ಸಂಖ್ಯೆ ಬರೆದಿದ್ದರೆ ದೀಪ ಹಾಕುವವರು ಹುಡುಕುತ್ತ ಅಲೆಯಬೇಕಿಲ್ಲ, 'ಎಲ್ಲಿ ಅಂತ ಗೊತ್ತಾಗಲಿಲ್ಲ ಸಾರ್' ಎನ್ನುವ ಉತ್ತರಕ್ಕೂ ಜಾಗವಿಲ್ಲ. ಎರಡು ಪ್ರತಿ ಒಯ್ದು ಒಂದಕ್ಕೆ ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬನ್ನಿ. ಮೂರನೆಯ ಪ್ರತಿಯೊಂದನ್ನು ವಾರ್ಡಿನ ಸದಸ್ಯರಿಗೆ ಕೊಡಿ. ಹದಿನೈದು ದಿನ ಕಳೆದರೂ ಸುದ್ದಿ ಇಲ್ಲದಿದ್ದರೆ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಅದೂ ನಡೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ 'ನಮ್ಮ ಅರ್ಜಿಯ ಮೇಲೆ ಏನು ಕ್ರಮವಾಗಿದೆ?' ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಗಲಾಟೆಗಿಂತ ಈ ಕಾಗದದ ಹಾದಿ ಹೆಚ್ಚು ಕೆಲಸ ಮಾಡುತ್ತದೆ.

ಖಾಸಗಿ ಬಡಾವಣೆಗಳಲ್ಲಿ ಇನ್ನೊಂದು ತೊಡಕಿದೆ. 'ನಿಮ್ಮ ಲೇಔಟ್ ನಮಗೆ ಹಸ್ತಾಂತರವೇ ಆಗಿಲ್ಲ' ಎಂದು ಕಚೇರಿಯವರು ಹೇಳಬಹುದು. ರಸ್ತೆ, ಚರಂಡಿ, ಉದ್ಯಾನ, ದೀಪಗಳನ್ನು ಬಡಾವಣೆ ಮಾಡಿದವರು ಸ್ಥಳೀಯ ಸಂಸ್ಥೆಗೆ ಒಪ್ಪಿಸದಿದ್ದರೆ ನಿರ್ವಹಣೆಗೆ ಸಾರ್ವಜನಿಕ ಹಣ ಬರುವುದು ಕಷ್ಟ. ಹಾಗಿದ್ದರೆ ನಿಮ್ಮ ಸಂಘದ ಮೊದಲ ಅರ್ಜಿ ದೀಪದ್ದಾಗಬಾರದು, ಹಸ್ತಾಂತರದ ಸ್ಥಿತಿ ಕೇಳುವ ಅರ್ಜಿಯಾಗಬೇಕು. ಬಡಾವಣೆಯ ಅನುಮೋದಿತ ನಕ್ಷೆಯ ಪ್ರತಿಯನ್ನೂ ತೆಗೆದುಕೊಳ್ಳಿ. ಉದ್ಯಾನಕ್ಕೆ ಬಿಟ್ಟ ಜಾಗ ಎಲ್ಲಿದೆ, ಅದು ಇನ್ನೂ ಉದ್ಯಾನವಾಗಿಯೇ ಇದೆಯೇ ಎಂದು ಅದರಿಂದ ತಿಳಿಯುತ್ತದೆ.

4. ಕಸ, ನಾಯಿ, ಪೊದೆ, ಚಿರತೆ: ನಾಲ್ಕನ್ನೂ ಒಟ್ಟಿಗೆ ನೋಡಿ. ಮಾಂಸದಂಗಡಿಯ ತ್ಯಾಜ್ಯ, ಛತ್ರದ ಎಲೆ ಖಾಲಿ ಸೈಟಿಗೆ ಬೀಳುತ್ತವೆ. ಅದಕ್ಕೆ ನಾಯಿ, ಹಂದಿ ಬರುತ್ತವೆ. ನಾಯಿಯ ಆಸೆಗೆ ಚಿರತೆ ಬರುತ್ತದೆ, ಹಗಲು ಅಡಗಲು ಅದಕ್ಕೆ ಕಬ್ಬು ಇದೆ, ಲಂಟಾನ ಇದೆ. ಒಂದು ಕೊಂಡಿ ತಪ್ಪಿಸಿದರೂ ಅಪಾಯ ಇಳಿಯುತ್ತದೆ, ನಮ್ಮ ಕೈಗೆ ಎಟಕುವ ಕೊಂಡಿಗಳು ಕಸ ಮತ್ತು ಪೊದೆ.

ಖಾಲಿ ಸೈಟಿನ ಮಾಲೀಕರಿಗೆ ಮೊದಲು ನೀವೇ ಫೋನ್ ಮಾಡಿ. ವರ್ಷಕ್ಕೆರಡು ಸಲ ಪೊದೆ ಕಡಿಸಲು ಹೆಚ್ಚಿನವರು ದುಡ್ಡು ಕಳಿಸುತ್ತಾರೆ, ಕೇಳಿದವರಿರುವುದಿಲ್ಲ ಅಷ್ಟೆ. ಒಪ್ಪದವರ ಪಟ್ಟಿಯನ್ನು ನಗರಸಭೆಗೆ ಕೊಡಿ. ನೋಟಿಸ್ ಕೊಟ್ಟು, ತಾನೇ ಸ್ವಚ್ಛ ಮಾಡಿಸಿ ಖರ್ಚನ್ನು ಮಾಲೀಕರಿಂದ ವಸೂಲು ಮಾಡುವ ಅಧಿಕಾರ ಸ್ಥಳೀಯ ಸಂಸ್ಥೆಗಿದೆ. ಪೊದೆಗೆ ಬೆಂಕಿ ಇಡಬೇಡಿ, ಪಕ್ಕದ ಗದ್ದೆ, ಗುಡಿಸಲಿಗೆ ಹಬ್ಬಲು ಗಾಳಿ ಸಾಕು. ಗದ್ದೆಯ ರೈತರ ಜತೆ ಜಗಳಕ್ಕೆ ನಿಲ್ಲಬೇಡಿ. ಬಡಾವಣೆಯ ಬೇಲಿಯಿಂದ ಕೆಲವು ಅಡಿ ಜಾಗ ಕಬ್ಬಿಲ್ಲದೆ ಬಿಡಬಹುದೇ, ಅಂಚಿನ ಕಬ್ಬು ಮೊದಲು ಕಟಾವು ಆಗಬಹುದೇ ಎಂದು ಕೂತು ಮಾತಾಡಿ.

ಬೀದಿನಾಯಿಗಳನ್ನು ಹೊಡೆದು ಸಾಯಿಸುವುದು, ವಿಷ ಇಡುವುದು ಅಪರಾಧ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ ಮತ್ತು ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ. ನಾಯಿಗೆ ಊಟ ಹಾಕುವವರಿಗೆ ಮಕ್ಕಳು ಆಡುವ ಜಾಗದಿಂದ ದೂರದಲ್ಲಿ ಸ್ಥಳ ಗೊತ್ತು ಮಾಡುವುದು ನಿವಾಸಿಗಳ ಸಂಘದ ಹೊಣೆ. ಗದ್ದೆಯಂಚಿನ ಬಡಾವಣೆಯಾದರೆ ಆ ಸ್ಥಳ ಗದ್ದೆಯ ಕಡೆಗಂತೂ ಬೇಡ.

ಚಿರತೆ ಕಂಡರೆ ಗುಂಪು ಸೇರಿ ಅಟ್ಟಬೇಡಿ. ಸುತ್ತುವರಿದ ಚಿರತೆಯೇ ಮೈಮೇಲೆ ಬೀಳುವುದು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಹೆಜ್ಜೆ ಕಂಡರೆ ಅದರ ಮೇಲೊಂದು ಬೋಗುಣಿ ಮುಚ್ಚಿಟ್ಟು ಸಿಬ್ಬಂದಿಗೆ ತೋರಿಸಿ. ಸಂಜೆ ಆರರ ಬಳಿಕ ಮಕ್ಕಳನ್ನು ಒಬ್ಬರನ್ನೇ ಅಂಗಡಿಗೆ ಕಳಿಸದಿರುವುದು, ಟ್ಯೂಷನ್ ಮಕ್ಕಳು ಗುಂಪಾಗಿ ಬರುವುದು, ಹಿತ್ತಿಲಿಗೊಂದು ದೀಪ, ಈ ಮೂರನ್ನು ಬಡಾವಣೆಯ ನಿಯಮವೆಂದೇ ಮಾಡಿಕೊಳ್ಳಿ. ಅದೇ ಪೊದೆಯಲ್ಲಿ ಹಾವೂ ಇರುತ್ತದೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಭಾಗ ಅಲುಗದಂತೆ ನೋಡಿಕೊಂಡು 108 ಕರೆಸಿ, ನೇರ ತಾಲ್ಲೂಕು ಆಸ್ಪತ್ರೆಗೆ ಹೋಗಿ.

5. ಬೀಟ್ ಪೊಲೀಸರ ಹೆಸರು ತಿಳಿದುಕೊಳ್ಳಿ. ಪ್ರತಿ ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ಹಂಚಿ ಒಂದೊಂದನ್ನು ಒಬ್ಬ ಸಿಬ್ಬಂದಿಗೆ ವಹಿಸುವ ಸುಧಾರಿತ ಬೀಟ್ ವ್ಯವಸ್ಥೆ ರಾಜ್ಯದಲ್ಲಿ 2017ರಲ್ಲಿ ಬಂತು. 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಕಾರ್ಯಕ್ರಮವೂ ಶುರುವಾಯಿತು. ಸಿಬ್ಬಂದಿ ಮನೆಗೆ ಬಂದು ಅಹವಾಲು ಕೇಳುವುದು ಅದರ ಉದ್ದೇಶ. ಅವರು ಬರುವವರೆಗೆ ಕಾಯದೆ ಠಾಣೆಗೆ ಹೋಗಿ ನಿಮ್ಮ ಬೀಟ್ ಯಾರದು ಎಂದು ಕೇಳಿ, ನಂಬರ್ ಪಡೆದು ಒಂದು ಸಭೆಗೆ ಕರೆಯಿರಿ. ವಾರಗಟ್ಟಲೆ ಊರಿಗೆ ಹೋಗುವಾಗ, ಮದುವೆಗೆಂದು ಮನೆಗೆ ಬೀಗ ಹಾಕುವಾಗ ಠಾಣೆಗೆ ತಿಳಿಸಿದರೆ ರಾತ್ರಿ ಗಸ್ತಿನವರು ಆ ಮನೆಯ ಕಡೆ ಕಣ್ಣಿಡಬಹುದು. ನಂಜನಗೂಡಿನ ದೊಡ್ಡ ಜಾತ್ರೆಯ ದಿನ ಪಂಚರಥಗಳನ್ನು ನೋಡಲು ಮನೆಮಂದಿಯೆಲ್ಲ ಹೊರಟುಬಿಡುತ್ತಾರೆ, ಪೊಲೀಸರೂ ತೇರಿನ ಬಂದೋಬಸ್ತಿನಲ್ಲಿ ಇರುತ್ತಾರೆ. ನರಸೀಪುರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳದ ಹೊತ್ತಿನಲ್ಲೂ ಅಷ್ಟೆ. ಅಂಥ ದಿನ ಬಡಾವಣೆಯಲ್ಲಿ ಸರದಿಯಂತೆ ನಾಲ್ಕು ಮನೆಯವರು ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ.

6. ಹೊಳೆ ಪಕ್ಕದವರಿಗೆ. ಜುಲೈ ಬರುವ ಮೊದಲೇ ಯಾವ ಮನೆಗೆ ಮೊದಲು ನೀರು ಬರುತ್ತದೆ, ಯಾರನ್ನು ಎತ್ತಿಕೊಂಡೇ ಹೋಗಬೇಕು, ಯಾರ ಗಾಡಿ ಸಿಗುತ್ತದೆ, ದನಕರು ಎಲ್ಲಿ ಕಟ್ಟುವುದು, ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ತೆರೆಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಕಬಿನಿಯ ಹೊರಹರಿವು ಎಷ್ಟು ಕ್ಯುಸೆಕ್ ಎಂದು ದಿನವೂ ನೋಡಿ ಬೀದಿಗೆ ತಿಳಿಸುವ ಕೆಲಸವನ್ನು ಒಬ್ಬರಿಗೆ ವಹಿಸಿ. ಕಾಲೇಜು ಹುಡುಗರು ಇದನ್ನು ಚೆನ್ನಾಗಿ ಮಾಡುತ್ತಾರೆ. ಆಧಾರ್, ಹಕ್ಕುಪತ್ರ, ಪಾಸ್‌ಬುಕ್ ಪ್ಲಾಸ್ಟಿಕ್ ಚೀಲದಲ್ಲಿ ಎತ್ತರದಲ್ಲಿರಲಿ. ಪರಿಹಾರದ ಅರ್ಜಿಗೆ ಮನೆಯ ಹಾನಿಯ ಫೋಟೊ ದಿನಾಂಕದೊಂದಿಗೆ ಬೇಕಾಗುತ್ತದೆ, ತೊಳೆಯುವ ಮೊದಲು ತೆಗೆಯಿರಿ. ಸ್ನಾನಘಟ್ಟಗಳಲ್ಲಿ ಯಾತ್ರಿಕರು ಆಳ ತಿಳಿಯದೆ ಇಳಿಯುತ್ತಾರೆ. ಅಪಾಯದ ಜಾಗದಲ್ಲಿ ಫಲಕ, ಸರಪಳಿ ಬೇಕೆಂದು ಲಿಖಿತವಾಗಿ ಕೇಳುವುದೂ ದಡದ ಬೀದಿಯ ಸಂಘದ ಕೆಲಸವೇ.

7. ರಸ್ತೆ. ಹೆದ್ದಾರಿಯಲ್ಲಿ ಹಂಪ್ ಹಾಕಿಸುವ ಅಧಿಕಾರ ನಮಗಿಲ್ಲ. ಮಣ್ಣು, ಸಿಮೆಂಟ್ ಸುರಿದು ತಾವೇ ಹಂಪ್ ಮಾಡಿಕೊಂಡ ಕಡೆ ಬೈಕಿನವರು ಬಿದ್ದಿದ್ದಾರೆ. ಬಡಾವಣೆಯ ರಸ್ತೆ ಹೆದ್ದಾರಿಗೆ ಕೂಡುವಲ್ಲಿ ಪೊದೆ ಕಡಿಸಿ, ಬ್ಯಾನರ್ ತೆಗೆಸಿ ಎರಡೂ ಕಡೆ ಕಾಣುವಂತೆ ಮಾಡುವುದು ನಮ್ಮ ಕೈಲಿದೆ. ಹೆದ್ದಾರಿ ಸಹಾಯವಾಣಿ 1033. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕೇಸಿನ ಕಾಟ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. ಇದನ್ನು ಸಭೆಯಲ್ಲಿ ಓದಿ ಹೇಳಿ, ಭಯ ಇನ್ನೂ ಹೋಗಿಲ್ಲ.

8. ನೋಂದಣಿ ಆಮೇಲೆ. ಬಹಳ ಜನ ಇದರಿಂದಲೇ ಶುರು ಮಾಡಿ ಅಧ್ಯಕ್ಷರು ಯಾರು ಎಂಬ ಜಗಳದಲ್ಲಿ ಮುಗಿಸುತ್ತಾರೆ. ಆರು ತಿಂಗಳು ಕೆಲಸ ಮಾಡಿ, ಯಾರು ನಿಜವಾಗಿ ಓಡಾಡುತ್ತಾರೆ ಎಂದು ಗೊತ್ತಾದ ಮೇಲೆ ನೋಂದಾಯಿಸಿ ಎಂಬುದು ನನ್ನ ಅಭಿಪ್ರಾಯ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಬೇಕು. ಉದ್ದೇಶ ಪತ್ರ, ಬೈಲಾ, ಪದಾಧಿಕಾರಿಗಳ ವಿವರ, ವಿಳಾಸದ ದಾಖಲೆಯೊಂದಿಗೆ ಸಹಕಾರ ಇಲಾಖೆಯಲ್ಲಿನ ಸಂಘಗಳ ಜಿಲ್ಲಾ ನೋಂದಣಾಧಿಕಾರಿಗೆ ಅರ್ಜಿ ಹಾಕಬೇಕು. ಆಮೇಲೆ ಪ್ರತಿ ವರ್ಷ ಮಹಾಸಭೆ ನಡೆಸಿ, ಲೆಕ್ಕಪತ್ರ ಪರಿಶೋಧನೆ ಮಾಡಿಸಿ ಸಲ್ಲಿಸುತ್ತಲೇ ಇರಬೇಕು. ಬಾಡಿಗೆದಾರರಿಗೂ ಮತ ಇರಬೇಕು, ಒಬ್ಬರೇ ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗಬಾರದು, ಪದಾಧಿಕಾರಿಗಳಲ್ಲಿ ಅರ್ಧ ಮಹಿಳೆಯರಿರಬೇಕು ಎಂದು ಬೈಲಾದಲ್ಲೇ ಬರೆದುಬಿಡಿ.

9. ಸೇರಲು ನೆಪ ಬೇಕು. ದೂರು ಕೊಡಲು ಮಾತ್ರ ಸೇರುವ ಸಂಘ ಒಣಗಿಹೋಗುತ್ತದೆ. ಗಣಪತಿ ಕೂರಿಸುವುದು, ಸಂಕ್ರಾಂತಿಗೆ ಎಳ್ಳು ಬೀರುವುದು, ರಂಜಾನ್ ಸಂಜೆ, ಭಾನುವಾರ ಬೆಳಿಗ್ಗೆ ಉದ್ಯಾನದಲ್ಲಿ ಗಿಡ ನೆಡುವುದು, ಮಕ್ಕಳ ಖೊಖೊ ಪಂದ್ಯ, ಯಾವುದಾದರೂ ಸರಿ. ಹೆಂಗಸರ ಸ್ತ್ರೀಶಕ್ತಿ ಗುಂಪುಗಳು ಆಗಲೇ ವಾರಕ್ಕೊಮ್ಮೆ ಸೇರುತ್ತಿವೆ, ಆಶಾ ಕಾರ್ಯಕರ್ತೆಗೆ ಪ್ರತಿ ಮನೆಯ ಪರಿಚಯವಿದೆ. ಅವರನ್ನು ಕರೆಯದೆ ಗಂಡಸರೇ ಆರು ಜನ ಕೂತು ಸಂಘ ಎನ್ನಬೇಡಿ. ಪಕ್ಕದ ಹಳೇ ಕೇರಿಯವರನ್ನೂ ಕರೆಯಿರಿ. ನಿಮ್ಮ ಚರಂಡಿಯ ನೀರು ಹೋಗುವುದು ಅವರ ಮನೆ ಮುಂದೆಯೇ, ಚಿರತೆಗೂ ಬಡಾವಣೆ, ಕೇರಿ ಎಂಬ ಭೇದವಿಲ್ಲ. ಜನ ಸೇರಿ ಎಷ್ಟು ದೂರ ಹೋಗಬಹುದು ಎಂದು ನೋಡಬೇಕಾದರೆ ಮೈಸೂರಿನ ಕುಂಬಾರಕೊಪ್ಪಲಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಪಾಲಿಕೆಯ ಜತೆಗೂಡಿ ನಾಗರಿಕರ ವಾರ್ಡ್ ಒಕ್ಕೂಟವೇ ಕಸ ವಿಂಗಡಿಸಿ ಗೊಬ್ಬರ ಮಾಡುವ ಘಟಕ ನಡೆಸಿ ತೋರಿಸಿದೆ.

ಎಚ್ಚರಿಕೆ

ವಾಟ್ಸಾಪ್ ಗ್ರೂಪು ಉಪಕಾರಿ, ಹಾಗೆಯೇ ಅಪಾಯಕಾರಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅವನ ಜತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ತಪ್ಪಾಗಿತ್ತು. ಆದ್ದರಿಂದ ಎರಡು ಗ್ರೂಪು ಮಾಡಿ. ಒಂದು ಶುಭಾಶಯ, ಹರಟೆಗೆ. ಇನ್ನೊಂದು ತುರ್ತಿಗೆ, ಅದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬೇಕು, ತಾವು ಕಂಡದ್ದನ್ನು ಅಥವಾ ಠಾಣೆಯಿಂದ ಖಚಿತವಾದದ್ದನ್ನು ಮಾತ್ರ ಹಾಕಬೇಕು. ಅಪರಿಚಿತರ ಫೋಟೊ ತೆಗೆದು 'ಅನುಮಾನಾಸ್ಪದ' ಎಂದು ಹಂಚಬೇಡಿ. ಚಿಂದಿ ಆಯುವವರು, ಕಂಬಳಿ ಮಾರುವವರು, ಬಾಡಿಗೆ ಮನೆ ಹುಡುಕುವವರು ಯಾರ ಮನೆಯ ಮಕ್ಕಳೋ ಆಗಿರುತ್ತಾರೆ.

ಕಣ್ಣೆದುರೇ ಗಂಭೀರ ಅಪರಾಧ ನಡೆದರೆ ಸಾಮಾನ್ಯ ನಾಗರಿಕರೂ ಹಿಡಿಯಬಹುದು. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ತಡ ಮಾಡದೆ, 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟುವುದು, ಹೊಡೆಯುವುದು ಮಾಡಿದರೆ ಕೇಸು ನಿಮ್ಮ ಮೇಲೆಯೇ ಬೀಳುತ್ತದೆ, ಬೀಳಲೂಬೇಕು. ರಾತ್ರಿ ಗಸ್ತು ಮಾಡುವುದಾದರೆ ಠಾಣೆಗೆ ತಿಳಿಸಿ, ಟಾರ್ಚು ಮತ್ತು ಸೀಟಿ ಸಾಕು, ಮಚ್ಚು ದೊಣ್ಣೆ ಬೇಡ. ಪ್ರೇಮಿಗಳನ್ನು ಪ್ರಶ್ನಿಸುವುದು, ಯಾರು ಯಾರ ಮನೆಗೆ ಬಂದರು ಎಂದು ಲೆಕ್ಕ ಇಡುವುದು ಸಂಘದ ಕೆಲಸವಲ್ಲ. ಒಮ್ಮೆ ಆ ದಾರಿ ಹಿಡಿದ ಸಂಘಕ್ಕೆ ಹೆಂಗಸರು ಮತ್ತೆ ಬರುವುದಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲ ವರ್ಷವೇ ಲಕ್ಷಗಟ್ಟಲೆ ಎತ್ತಿ ಕ್ಯಾಮೆರಾ ಹಾಕುವುದು ದೊಡ್ಡ ತಪ್ಪು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅರ್ಧ ಕೆಟ್ಟಿರುತ್ತವೆ. ಕಳ್ಳತನವಾದ ದಿನ ನೋಡಿದರೆ ಕರೆಂಟ್ ಇರಲಿಲ್ಲ, ಇದ್ದರೂ ರೆಕಾರ್ಡಿಂಗ್ ಮೂರೇ ದಿನ ಉಳಿಯುತ್ತಿತ್ತು, ಪಾಸ್‌ವರ್ಡ್ ಊರಿಗೆ ಹೋದವರ ಬಳಿ. ಹಾಕಲೇಬೇಕೆಂದಿದ್ದರೆ ಬಡಾವಣೆಗೆ ಬರುವ, ಹೋಗುವ ದಾರಿಗಳಿಗೆ ಮಾತ್ರ ಹಾಕಿ, ರಾತ್ರಿ ನಂಬರ್ ಪ್ಲೇಟ್ ಓದಲು ಬರುವಂಥದ್ದಿರಲಿ, ಯುಪಿಎಸ್ ಇರಲಿ, 30 ದಿನದ ದಾಖಲೆ ಉಳಿಯಲಿ, ಯಾರ ಮನೆಯ ಬಾಗಿಲು ಕಿಟಕಿಯ ಕಡೆಗೂ ತಿರುಗದಿರಲಿ. ನಿರ್ವಹಣೆಯ ಖರ್ಚನ್ನು ಮೊದಲೇ ತೆಗೆದಿಡಿ.

ಹಣದ ವಿಷಯದಲ್ಲಿ ಇಬ್ಬರ ಸಹಿ ಇಲ್ಲದೆ ಖಾತೆಯಿಂದ ರೂಪಾಯಿಯೂ ಹೊರಬರಬಾರದು. ಪ್ರತಿ ತಿಂಗಳ ಜಮಾ ಖರ್ಚು ಉದ್ಯಾನದ ಫಲಕದಲ್ಲೋ ಅಂಗಡಿಯ ಗೋಡೆಯಲ್ಲೋ ಅಂಟಿಸಿ. ವಂತಿಗೆ ಕೊಡಲಾಗದವರನ್ನು ಪಟ್ಟಿಯಿಂದ ತೆಗೆಯಬೇಡಿ.

ಚುನಾವಣೆ ಹತ್ತಿರ ಬಂದಾಗ ಸಂಘದ ಹೆಸರಿನಲ್ಲಿ ಯಾರಿಗೂ ಹಾರ ಹಾಕಬೇಡಿ. ವಾರ್ಡಿನ ಸದಸ್ಯರು ಯಾವ ಪಕ್ಷದವರಾದರೂ ನಾಳೆ ಅವರ ಬಳಿಗೇ ಹೋಗಬೇಕು. ಸಭೆಯನ್ನು ಯಾವಾಗಲೂ ಒಂದೇ ಹೊತ್ತಿಗೆ ಇಡುವುದೂ ತಪ್ಪು. ಪಾಳಿಯ ಕಾರ್ಮಿಕರು, ಅಡುಗೆ ಹೊತ್ತಿನ ಹೆಂಗಸರು ಇದರಿಂದ ಹೊರಗೆ ಉಳಿಯುತ್ತಾರೆ. ಹೊತ್ತು ಬದಲಿಸುತ್ತಿರಿ, ಒಂದು ಗಂಟೆಯೊಳಗೆ ಮುಗಿಸಿ, ತೀರ್ಮಾನಗಳನ್ನು ಆ ರಾತ್ರಿಯೇ ಬರೆದು ಎಲ್ಲರಿಗೂ ಕಳಿಸಿ.

ಕೊನೆಗೊಂದು ಕೆಲಸವನ್ನು ಈ ವಾರವೇ ಮಾಡಿ. ಈ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆಸಿ ಬಡಾವಣೆಯ ಪ್ರತಿ ಅಡ್ಡರಸ್ತೆಯ ಮೊದಲ ಮನೆಯ ಕಾಂಪೌಂಡಿಗೆ, ಮನೆಯವರನ್ನು ಕೇಳಿ, ಅಂಟಿಸಿ: ಪೊಲೀಸ್, ಅಗ್ನಿಶಾಮಕ ಯಾವ ತುರ್ತಿಗೂ 112. ಆಂಬುಲೆನ್ಸ್ 108. ಮಕ್ಕಳಿಗೆ 1098. ಮಹಿಳೆಯರಿಗೆ 181. ಹಿರಿಯರಿಗೆ 14567. ಆನ್‌ಲೈನ್ ವಂಚನೆಗೆ 1930. ವಿದ್ಯುತ್ ದೂರಿಗೆ 1912. ಸರ್ಕಾರಿ ಕಚೇರಿ ಕೆಲಸ ಮಾಡದಿದ್ದರೆ 1902. ಹೆದ್ದಾರಿಗೆ 1033. ಕಾಡುಪ್ರಾಣಿ ಕಂಡರೆ 1926. ಕೆಳಗಡೆ ನಿಮ್ಮ ಬೀಟ್ ಸಿಬ್ಬಂದಿಯ ನಂಬರಿಗೆ ಜಾಗ ಬಿಡಿ, ಠಾಣೆಗೆ ಹೋಗಿ ಕೇಳಿ ತಂದು ತುಂಬಿ.